ಸರ್ವರ್ ಬಿದ್ದನೋ, ಬಿತ್ತೋ?

ಸಾನಿಕಾ, ಅಥರ್ವ, ಇಲ್ಲಿ ಬನ್ನಿ, ಕೂತುಕೊಳ್ಳಿ. ಕಾಗದದ ಮೇಲೆ ಕರೆದರೆ ಬರುತ್ತೀರೋ ಇಲ್ಲವೋ ಗೊತ್ತಿಲ್ಲ. ಬಾಯಿಬಿಟ್ಟು ಕರೆದರಂತೂ ಮೊಬೈಲು ಕೆಳಗಿಟ್ಟು ಬರುವವರಲ್ಲ ನೀವು.

ನಿನ್ನೆ ಮಧ್ಯಾಹ್ನ ಅಟ್ಟದ ಮೇಲಿನ ಡಬ್ಬದಿಂದ ಒಂದು ಹಿತ್ತಾಳೆ ಗಂಟೆ ಹುಡುಕಿ ತೆಗೆದು, ಅದರ ತಲೆಯ ಮೇಲೆ ಬೆರಳಿನಿಂದ ಹೊಡೆದು ಟಿಣ್ ಟಿಣ್ ಎನ್ನಿಸುತ್ತಿದ್ದಿರಲ್ಲ, ಆಗ ನಾನು ಒಳಗೆ ಅರೆನಿದ್ರೆಯಲ್ಲಿದ್ದೆ. ಆ ಸದ್ದಿಗೆ ನನಗೆ ತಿಳಿಯದೆಯೇ "ವೈಕುಂಠಣ್ಣಾ, ಗಲ್ಲಾದಿಂದ ಕರೀತಿದ್ದಾರೆ ನೋಡಿ" ಎಂದು ಬಾಯಿಂದ ಬಂತಂತೆ. ಬಾಗಿಲಲ್ಲಿ ನಿಂತು ನಕ್ಕಿರಿ. "ಅಜ್ಜಿ, ವೈಕುಂಠಣ್ಣ ಯಾರು?" ಎಂದ ಅಥರ್ವ. "ಸರ್ವರ್" ಎಂದೆ. "ಅಮ್ಮನ ಆಫೀಸಿಂದೇನು?" ಎಂದಳು ಸಾನಿಕಾ.

ಅಲ್ಲ ಎನ್ನಲು ಹೊರಟವಳಿಗೆ ನಗು ಬಂತು. ಒಂದು ಕಾಲದಲ್ಲಿ ನಾನೂ ಹಾಗೆಯೇ ತಪ್ಪು ತಿಳಿದುಕೊಂಡಿದ್ದೆ, ಆದರೆ ತಿರುವುಮುರುವಾಗಿ.

ಹೋದ ಭಾನುವಾರ ಅಪ್ಪ ನಿಮ್ಮನ್ನು ತಿರುಗಾಡಿಸಲು ಭೋರ್‌ಗೆ ಕರೆದುಕೊಂಡು ಹೋಗಿದ್ದ. ಸಂಜೆ ಬಂದು "ಮನೆಯಲ್ಲಿ ಏನಾಯ್ತು?" ಎಂದು ಕೇಳಿದಿರಿ. "ಏನೂ ಆಗಲಿಲ್ಲ" ಎಂದೆ. ಅದು ನಿಜವೇ. ಆದರೆ ಹಾಗೆ ಏನೂ ಆಗದಿರಲೆಂದು ನಿಮ್ಮ ಅಮ್ಮ ಎಷ್ಟು ಒದ್ದಾಡಿದಳು, ಧಾರವಾಡದಲ್ಲಿ ಅವಳ ಅವ್ವನ ಕಣ್ಣಿನ ಆಪರೇಷನ್ನಿನ ಹೊತ್ತಿಗೆ ಅವಳು ಪಕ್ಕದಲ್ಲಿರುತ್ತಾಳೋ ಇಲ್ಲವೋ ಎನ್ನುವುದು ಹೇಗೆ ಆ ಒಂದು ಮಧ್ಯಾಹ್ನಕ್ಕೆ ಜೋತುಬಿದ್ದಿತ್ತು ಎಂಬುದನ್ನು ಕಂಡವಳು ನಾನೊಬ್ಬಳೇ. ಎದುರು ಕೂರಿಸಿಕೊಂಡು ಹೇಳಲು ನನಗೆ ಬರುವುದಿಲ್ಲ. ಉಡುಪಿ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು ನಾನು. ಮೇಷ್ಟ್ರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ಪಕ್ಕದವಳ ಕಿವಿಯಲ್ಲಿ ಉಸುರಿ ಅವಳಿಂದ ಹೇಳಿಸುತ್ತಿದ್ದೆ. ಶಹಭಾಸ್ ಎಲ್ಲ ಅವಳಿಗೇ ಹೋಗುತ್ತಿತ್ತು. ಅವಳು ಈಗಲೂ ಊರಿನಲ್ಲಿ ಜಾಣೆ ಎಂದೇ ಹೆಸರಾಗಿದ್ದಾಳೆ. ಹಾಗಾಗಿ ಬರೆಯುತ್ತೇನೆ, ಸುತ್ತಿ ಬಳಸಿ ಬರೆದರೆ ಸಹಿಸಿಕೊಳ್ಳಿ.

ನಿಮ್ಮ ಅಜ್ಜನ ಹೋಟೆಲು ಇದೇ ಪುಣೆಯ ನಿಗಡಿಯಲ್ಲಿ, ಬಸ್ ಸ್ಟಾಪಿನ ಎದುರಿಗಿತ್ತು. ಈಗ ಅಲ್ಲಿ ಮೊಬೈಲು ಮಾರುತ್ತಾರೆ. ನಾನು ಆ ಹೋಟೆಲನ್ನು ಮುಂದಿನಿಂದ ನೋಡಿದ್ದಕ್ಕಿಂತ ಹಿಂದಿನಿಂದ ನೋಡಿದ್ದೇ ಹೆಚ್ಚು. ಅಡುಗೆಮನೆಗೂ ಗಿರಾಕಿಗಳು ಕೂರುವ ಹಾಲಿಗೂ ನಡುವೆ ಒಂದು ಕಿಂಡಿ. ಆ ಕಿಂಡಿಯಲ್ಲಿ ಪ್ರಪಂಚವೆಲ್ಲ ಸೊಂಟದಿಂದ ಎದೆಯವರೆಗೆ ಮಾತ್ರ ಕಾಣುತ್ತಿತ್ತು. ಮುಖಗಳು ಕಾಣುತ್ತಿರಲಿಲ್ಲ, ಅದು ನನಗೆ ಅನುಕೂಲವಾಗಿತ್ತು. ಮರಾಠಿಯಲ್ಲಿ ಯಾರಾದರೂ ಮಾತನಾಡಿಸಿಯಾರು ಎಂಬ ಹೆದರಿಕೆಯಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ವೈಕುಂಠಣ್ಣ ಆ ಕಿಂಡಿಗೆ ಬಗ್ಗಿ "ಎರಡು ಮಸಾಲೆ, ಒಂದು ಖಾಲಿ, ಚಾ ಒಂದಕ್ಕೆ ಸಕ್ಕರೆ ಬೇಡ" ಎಂದು ಹಾಡಿದ ಹಾಗೆ ಹೇಳುತ್ತಿದ್ದರು. ನಮ್ಮ ಹೋಟೆಲುಗಳಲ್ಲಿ ಟೇಬಲ್ಲಿಗೆ ತಿಂಡಿ ತಂದಿಡುವವರನ್ನು ಸರ್ವರ್ ಎನ್ನುತ್ತೇವೆ, ನಿಮಗೆ ಅದು ಹೊಸದಿರಬಹುದು. ಮುಂಗೈಯಿಂದ ಮೊಣಕೈಯವರೆಗೆ ತಟ್ಟೆ ಜೋಡಿಸಿಕೊಂಡು, ಜನ ತುಂಬಿದ ಹಾಲಿನಲ್ಲಿ ಅವರು ಹಾದು ಹೋದರೆ ಗಾಳಿ ಬೀಸಿದಷ್ಟೇ ಸದ್ದು. ಅವರು ಬಂದದ್ದು ಗಿರಾಕಿಗೆ ಗೊತ್ತಾಗುತ್ತಿರಲಿಲ್ಲ. ದೋಸೆ ಎದುರಿಗೆ ತಾನಾಗಿ ಮೂಡಿದ ಹಾಗೆ ಇರುತ್ತಿತ್ತು.

ಮಧ್ಯಾಹ್ನ ಊಟದ ಗದ್ದಲ ಕಳೆದ ಮೇಲೆ ಒಂದು ಹೊತ್ತು ಬರುತ್ತಿತ್ತು. ಪುಣೆಗೆ ಪುಣೆಯೇ ಅಂಗಡಿ ಬಾಗಿಲು ಎಳೆದುಕೊಂಡು ಮಲಗುವ ಹೊತ್ತು. ರಸ್ತೆಯಲ್ಲಿ ಬೇವಿನ ಮರದ ನೆರಳು ಮಾತ್ರ ಓಡಾಡುತ್ತಿತ್ತು. ಸರ್ವರ್‌ಗಳು ಬೆಂಚಿನ ಮೇಲೆ ಮುಖಕ್ಕೆ ಟವೆಲು ಹಾಕಿಕೊಂಡು ಮಲಗುತ್ತಿದ್ದರು. ಉಸಿರಿಗೆ ಟವೆಲು ಏಳುವುದು, ಇಳಿಯುವುದು. ಬಾಯ್ಲರಿನ ಹಬೆ ಸುಯ್ಯೆನ್ನುತ್ತಿತ್ತು. ನಾನು ಕಿಂಡಿಗೆ ಗಲ್ಲ ಆನಿಸಿ, ಆ ಸದ್ದು ನಮ್ಮೂರಿನ ಸಮುದ್ರದ್ದೋ ಏನೋ ಎಂದು ತೇಲಿಹೋಗುತ್ತಿದ್ದೆ. ಆದರೆ ಎಲ್ಲರೂ ಮಲಗುವ ಹಾಗಿರಲಿಲ್ಲ. ಒಬ್ಬ ಸರ್ವರ್ ಎದ್ದಿರಬೇಕು, ಅದು ನಿಮ್ಮ ಅಜ್ಜನ ಕಾನೂನು. "ಬಾಗಿಲು ತೆಗೆದಿಟ್ಟ ಮೇಲೆ ಒಳಗೆ ಯಾರಾದರೂ ಇರಬೇಕಲ್ಲ ಮಾರಾಯ" ಎನ್ನುತ್ತಿದ್ದರು. ಹೋಟೆಲು ಒಂದು ದಿನವೂ ಮುಚ್ಚಿಲ್ಲ ಎನ್ನುವುದು ಅವರಿಗೆ ಬಹಳ ಹೆಮ್ಮೆ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಸುಮಂಗಲಾ, ನಿಮ್ಮ ಅಮ್ಮ. ಧಾರವಾಡದವಳು, ಹಿಂಜವಾಡಿಯ ದೊಡ್ಡ ಕಂಪನಿಯೊಂದರಲ್ಲಿ ಕೆಲಸ. ಮದುವೆಯಾದ ಹೊಸತು, ಒಂದು ಬೆಳಿಗ್ಗೆ ನಾನು ಕಾಯಿ ತುರಿಯುತ್ತಿದ್ದೆ. ಅವಳು ಫೋನಿನಲ್ಲಿ ಗಾಬರಿಯಿಂದ, "ಸರ್ವರ್ ಬಿತ್ತಾ? ಯಾವಾಗ ಬಿತ್ರಿ? ಎದ್ದೇಳವಲ್ದಾ? ನಾ ಈಗ ಬಂದೆ ತಡೀರಿ" ಎಂದಳು.

ನನ್ನ ಕೈ ನಿಂತಿತು. ಪಾಪ, ಯಾರೋ ಸರ್ವರ್ ಬಿದ್ದಿದ್ದಾನೆ, ಎದ್ದೇಳಲು ಆಗುತ್ತಿಲ್ಲ. ಆದರೆ ಈ ಹುಡುಗಿ "ಬಿದ್ದ" ಎನ್ನದೆ "ಬಿತ್ತು" ಎನ್ನುತ್ತಾಳಲ್ಲ! ಧಾರವಾಡದ ಕಡೆ ಹಾಗೆ ಹೇಳುವುದುಂಟೋ ಏನೋ ಎಂದುಕೊಂಡೆ. ಅಥವಾ ದೊಡ್ಡ ಕಂಪನಿಯವರಿಗೆ ತಿಂಡಿ ತಂದಿಡುವವನು ಮನುಷ್ಯನ ಲೆಕ್ಕದಲ್ಲೇ ಇಲ್ಲವೇ? ವೈಕುಂಠಣ್ಣನನ್ನು ಯಾರಾದರೂ "ಅದು" ಎಂದಿದ್ದರೆ ನಿಮ್ಮ ಅಜ್ಜ ಹೋಟೆಲಿನಿಂದ ಹೊರಗೆ ಹಾಕುತ್ತಿದ್ದರು. ಹೊಸ ಸೊಸೆ, ಕೇಳಲು ನಾಚಿಕೆ. ಕಂಪನಿಯ ಕ್ಯಾಬು ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ನಾನು ನೋವಿನೆಣ್ಣೆಯ ಬಾಟಲಿಯನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಅವಳ ಚೀಲದೊಳಗೆ ತುರುಕಿದೆ. "ಬಿಸಿ ಮಾಡಿ ಹಚ್ಚಬೇಕು" ಎಂದೆ. ಅವಳು ಏನು ಕೇಳಿಸಿಕೊಂಡಳೋ, "ಹೂಂ ರೀ" ಎಂದು ಓಡಿದಳು.

ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ನಗಲು ಶುರುಮಾಡಿದಳು. "ಅತ್ತ್ಯಾರ, ಎಣ್ಣಿ ಯಾರಿಗೆ ಕೊಟ್ರಿ?"

"ಬಿದ್ದಿದ್ದನಲ್ಲ, ಅವನಿಗೆ. ಎಂತ ಆಯ್ತು? ಎದ್ದನಾ?"

"ಎದ್ದ್ರಿ, ಎದ್ದು ನಿಂತು ಕೆಲಸಾ ಮಾಡಾಕತ್ತಾನ. ಎಣ್ಣಿ ಹಚ್ಚಿದ್ದರ ಆಫೀಸಿಗೆ ಬೆಂಕಿ ಬೀಳತಿತ್ತು ನೋಡ್ರಿ!"

ಆಮೇಲೆ ಕೂರಿಸಿಕೊಂಡು ತಿಳಿಸಿ ಹೇಳಿದಳು. ಸರ್ವರ್ ಎಂದರೆ ಒಂದು ಯಂತ್ರ. ಈ ಊರಿನ ಎಷ್ಟೋ ಔಷಧಿ ಅಂಗಡಿಗಳು ಅದನ್ನು ನಂಬಿಕೊಂಡಿವೆ. ನಮ್ಮ ಓಣಿಯ ಮೂಲೆಯ ಅಂಗಡಿಯೂ ಅದರಲ್ಲಿ ಸೇರಿದೆ. ಅಂಗಡಿಯವನು ತನ್ನ ಕಂಪ್ಯೂಟರಿನಲ್ಲಿ ಒಂದು ಗುಳಿಗೆಯ ಹೆಸರು ಬರೆದರೆ, ಹಿಂಜವಾಡಿಯಲ್ಲಿರುವ ಸರ್ವರ್ ಅದು ಎಷ್ಟಿದೆ, ಯಾವಾಗ ಹಾಳಾಗುತ್ತದೆ ಎಂಬುದನ್ನೆಲ್ಲ ತಂದು ಮುಂದಿಡುತ್ತದೆ, ಬಿಲ್ಲನ್ನೂ ಕೊಡುತ್ತದೆ. ಅದು ನಿಂತರೆ ಅಷ್ಟೂ ಅಂಗಡಿಗಳಲ್ಲಿ ಕೆಮ್ಮುವವರು, ಜ್ವರದವರು ಸಾಲಾಗಿ ನಿಲ್ಲಬೇಕು. ಅದು ನಿಲ್ಲದ ಹಾಗೆ ನೋಡಿಕೊಳ್ಳುವುದು ಸುಮಂಗಲಾಳ ಕೆಲಸ. "ಕೇಳಿದ್ದು ತಂದಿಡೋದೇ ಆದರೆ ಅವನೂ ಸರ್ವರ್ರೇ ಅಲ್ವನೇ" ಎಂದೆ ನಾನು. ಅವಳು ಸ್ವಲ್ಪ ಯೋಚಿಸಿ "ಹೌದ್ರಿ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು "ಅವನು" ಆಗಿಬಿಟ್ಟ. "ಅವಂಗ ಇವತ್ತ ಭಾಳ ಕೆಲಸ ರೀ ಅತ್ತ್ಯಾರ" ಎಂದು ಅವಳು ಹೇಳಿದರೆ, ನಾನು ಚಾ ಕೊಡಲೇ ಎಂದು ಕೇಳುವಷ್ಟು ಸಲಿಗೆ. ಎಣ್ಣೆಯ ಬಾಟಲಿ ಅವಳ ಆಫೀಸಿನ ಮೇಜಿನ ಮೇಲೆಯೇ ಉಳಿಯಿತು.

ಒಮ್ಮೆ ಅವಳ ಕಂಪನಿಯಲ್ಲಿ ಮನೆಯವರನ್ನೆಲ್ಲ ಕರೆದಿದ್ದರು. ಗಾಜಿನ ಗೋಡೆಯಾಚೆ ಅವನನ್ನು ತೋರಿಸಿದಳು. ಒಬ್ಬನಲ್ಲ, ಸಾಲು ಸಾಲು. ಕಪ್ಪು ಬೀರುವಿನಂಥ ಮೈ, ಅದರಲ್ಲಿ ನೀಲಿ ದೀಪಗಳು ಕಣ್ಣು ಮಿಟುಕಿಸುತ್ತಿದ್ದವು. ಒಳಗೆ ಮೈ ನಡುಗಿಸುವ ಚಳಿಯಂತೆ. ನಮ್ಮೂರಿನ ಗದ್ದೆಯ ಮೇಲೆ ಮಿಂಚುಹುಳ ಕೂತಿದ್ದನ್ನು ನೋಡಿದ ಹಾಗಾಗಿ ನಾನು ಅಲ್ಲೇ ಮೈಮರೆತೆ. ಎಲ್ಲವೂ ನಿಂತೇ ಇದ್ದವು, ಒಂದಕ್ಕೂ ಕೂರಲು ಜಾಗವಿರಲಿಲ್ಲ. "ಇವರೆಲ್ಲ ಮಧ್ಯಾಹ್ನ ಮಲಗೋದಿಲ್ವನೇ?" ಎಂದೆ. "ಒಬ್ಬ ಮಲಗಿದ್ರೂ ಇನ್ನೊಬ್ಬ ಎಚ್ಚರ ಇರ್ತಾನ್ರಿ. ಹಂಗ ಜೋಡಿ ಜೋಡಿ ಇಟ್ಟೇವಿ." ನಿಮ್ಮ ಅಜ್ಜ ಇದ್ದಿದ್ದರೆ ಅವಳಿಗೆ ಒಂದು ಸ್ಪೆಷಲ್ ಕಾಫಿ ಕೊಡಿಸುತ್ತಿದ್ದರು.

ಈ ಬೇಸಿಗೆಯಲ್ಲಿ ಅವಳ ಹಳೆಯ ಯಂತ್ರಕ್ಕೆ ವಯಸ್ಸಾಗಿತ್ತು. ನಡುನಡುವೆ ತಡವರಿಸುತ್ತಿತ್ತು. ಹೊಸದು ತರಿಸಿದ್ದರು. ಆದರೆ ಹಳಬನನ್ನು ಬಿಡಿಸಿ ಹೊಸಬನನ್ನು ನಿಲ್ಲಿಸುವಾಗ ಒಂದು ಅಂಗಡಿಗೂ ಗೊತ್ತಾಗಬಾರದು. ಅವಳು ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತ ಅನ್ನಕ್ಕೆ ಉಪ್ಪಿನಕಾಯಿ ಬದಲು ಬೆಲ್ಲ ಕಲಸಿಕೊಂಡದ್ದನ್ನು ನೋಡಿದ್ದೇನೆ.

ನನಗೆ ವೈಕುಂಠಣ್ಣನ ಮಂಡಿ ನೆನಪಾಯಿತು. ಮಂಡಿ ನೋವು ಹೆಚ್ಚಾದಾಗ ನಿಮ್ಮ ಅಜ್ಜ ಶೀನ ಎನ್ನುವವರನ್ನು ಊರಿನಿಂದ ಕರೆಸಿದರು. ಬಹಳ ದಿನ ಶೀನಣ್ಣ ವೈಕುಂಠಣ್ಣನ ಬೆನ್ನಿಗೆ ಅಂಟಿಕೊಂಡು ನಡೆದರು. ಇವರು ಎರಡು ಲೋಟ ಇಟ್ಟರೆ ಅವರೂ ಪಕ್ಕದ ಟೇಬಲಿಗೆ ಎರಡು ಲೋಟ. ಕೊನೆಗೊಂದು ಬೆಳಿಗ್ಗೆ ವೈಕುಂಠಣ್ಣ ಬರಲಿಲ್ಲ, ಯಾರೂ ಕೇಳಲೂ ಇಲ್ಲ. ಮರಾಠಿ ಗಿರಾಕಿಗಳು ಶೀನಣ್ಣನನ್ನೇ "ವೈಕುಂಠ" ಎಂದು ಕೂಗುತ್ತಿದ್ದರು, ಅವರು ಓಗೊಡುತ್ತಿದ್ದರು. ಕಡೆಕಡೆಗೆ ಹೆಂಡತಿ "ಶೀನ" ಎಂದು ಬರೆದ ಕಾಗದ ಬಂದರೆ ಇದು ಯಾರಿಗೆ ಎಂದು ಕೇಳುತ್ತಿದ್ದರೆಂದು ಅಡುಗೆಭಟ್ಟರು ಗೇಲಿ ಮಾಡುತ್ತಿದ್ದರು. ಇದನ್ನು ಹೇಳಿದಾಗ ಸುಮಂಗಲಾ ಕಣ್ಣರಳಿಸಿದಳು. "ನಾವೂ ಹಂಗ ಮಾಡಾಕತ್ತೇವ್ರಿ! ಹೊಸಾದು ಎರಡು ತಿಂಗಳಿಂದ ಹಳೇದರ ಹಿಂದ ಹಿಂದ ಅಡ್ಡಾಡಾಕತ್ತದ. ಕಡೀಕ ಹೆಸರೂ ಹಳೇದರದ್ದೇ ಇಡತೇವ್ರಿ."

ಅದೇ ವಾರ ಬಟ್ಟೆ ಮಡಚುತ್ತ ಕೂತಿದ್ದಾಗ ಮೆಲ್ಲಗೆ ಹೇಳಿದಳು, "ಅವ್ವಂದು ಮಂಗಳವಾರ ಕಣ್ಣಿನ ಆಪರೇಶನ್ ಅದ ರೀ."

"ಹೋಗು ಮತ್ತೆ."

"ಹೆಂಗ ಹೋಗ್ಲಿರಿ? ರವಿವಾರ ಹೊಸಾ ಮಷೀನು ನಿಲ್ಲಸೋದದ. ಕೆಟ್ಟರ ಹಳೇದನ್ನ ಎಬ್ಬಿಸಿ, ಮುಂದಿನ ವಾರ ಮತ್ತ ಮೊದಲಿಂದ. ಸುಸೂತ್ರ ಆದ್ರಷ್ಟ ರಜಾ ಅಂತ ಸಾಹೇಬ್ರು ಅಂದಾರ. ಅವ್ವ ಬ್ಯಾಡ ಬಿಡು ಅಂತಾಳ್ರಿ. ಆದ್ರ ಪಟ್ಟಿ ಬಿಚ್ಚಿದ ಕೂಡ್ಲೆ ಯಾರ್ನ ನೋಡ್ತಾಳ ಆಕಿ?"

"ಅಷ್ಟೆಲ್ಲ ಯಂತ್ರಕ್ಕೆ ಜೋಡಿ ಇಟ್ಟಿದ್ದೀ. ನಿನಗೆ ಬದಲಿ ಯಾರೂ ಇಲ್ವಾ?"

"ಕೇತಕಿ ಇದ್ದಾಳ್ರಿ, ಶ್ಯಾಣ್ಯಾಕಿ. ರವಿವಾರ ಒಂದು ದಾಟಿದ್ರ ಆಕಿ ನೋಡ್ಕೋತಾಳ."

ನಾನು ಮಡಚಿದ ಬಟ್ಟೆಗಳನ್ನು ಒತ್ತಿ ಜೋಡಿಸತೊಡಗಿದೆ. ನಿಮ್ಮ ಅಜ್ಜನ ಹೋಟೆಲಿನಲ್ಲಿ ಎಲ್ಲರಿಗೂ ಬದಲಿ ಇರುತ್ತಿತ್ತು, ನನಗೆ ಇರಲಿಲ್ಲ. ಊರಿನಲ್ಲಿ ನನ್ನ ಅಮ್ಮ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಳೆಂದು ಹೋಟೆಲಿಗೆ ಫೋನು ಬಂದಾಗ ಅಡುಗೆಭಟ್ಟರು ತಂಗಿಯ ಮದುವೆಗೆ ಹೋಗಿದ್ದರು, ಒಲೆಯ ಮುಂದೆ ನಾನಿದ್ದೆ. "ನೀನು ಹೊರಡು, ಬಾಗಿಲು ಹಾಕಿದರೆ ಹಾಕಿದ ಹಾಗೆ" ಎಂದರು ನಿಮ್ಮ ಅಜ್ಜ. ಆ ಮಾತು ಹೇಳುವಾಗ ಅವರ ಮುಖ ನೋಡಿ, ಭಟ್ಟರು ಬಂದ ಮೇಲೆ ಹೊರಡುತ್ತೇನೆ ಎಂದೆ. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. "ಪೂನಾದ ಬಸ್ಸು ಬಂತಾ?" ಎಂದು ಅಮ್ಮ ಕೇಳುತ್ತಿದ್ದಳಂತೆ. ಇದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಸುಮಂಗಲಾಳಿಗೂ ಹೇಳಲಿಲ್ಲ. ಅವಳ ತಲೆಯ ಮೇಲೆ ಅದೂ ಒಂದು ಏಕೆ?

ಭಾನುವಾರ ಅಪ್ಪ ನಿಮ್ಮನ್ನು ಕರೆದುಕೊಂಡು ಹೋದ ಮೇಲೆ ಮನೆ ಕೊಳದ ಹಾಗೆ ತಣ್ಣಗಾಯಿತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಫೋನು, ಫೋನಿನೊಳಗೆ ಆಫೀಸಿನಲ್ಲಿ ಕೂತಿದ್ದ ಕೇತಕಿ. ಮಧ್ಯಾಹ್ನ ಅಂಗಡಿಗಳು ಮಲಗುವ ಹೊತ್ತಿನಲ್ಲಿ ಈ ಕೆಲಸ ಇಟ್ಟುಕೊಂಡಿದ್ದರು. ಬೇರೆ ಊರಿನಲ್ಲಿ ಇದಕ್ಕೆ ಎಲ್ಲರೂ ಮಲಗುವ ರಾತ್ರಿಯಾಗಬೇಕು, ಪುಣೆಯಲ್ಲಿ ಹಾಡುಹಗಲೇ ಸಾಕು ಎಂದು ಸುಮಂಗಲಾ ನಕ್ಕಳು. ಅದೊಂದೇ ನಗು. ಆಮೇಲೆ ಅವಳ ಬೆರಳು ಮಾತ್ರ ಓಡುತ್ತಿತ್ತು. ನಾನು ಕುಕ್ಕರಿನ ಸೀಟಿ ಕೇಳಿ ಹೊಸ ಯಂತ್ರ ಬೆಚ್ಚಿಬಿದ್ದೀತೆಂದು ಒಲೆ ಆರಿಸಿಬಿಟ್ಟೆ. ಬೇಳೆ ಅರ್ಧ ಬೆಂದು ಕೂತಿತು. ಕಿಟಕಿಯ ಪರದೆ ಏಳುತ್ತಿತ್ತು, ಇಳಿಯುತ್ತಿತ್ತು. ನಾನು ಮೂಲೆಯ ಕುರ್ಚಿಯಲ್ಲಿ ಕೂತು, ಧಾರವಾಡದ ಆ ಹೆಂಗಸು ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮೊದಲು ಯಾವ ಬಣ್ಣ ನೋಡುತ್ತಾಳೋ ಎಂದು ಏನೇನೋ ಯೋಚಿಸುತ್ತಿದ್ದೆ.

"ತಾಈ" ಎಂದಳು ಕೇತಕಿ ಫೋನಿನಲ್ಲಿ, "ಸಗಳೇ ಆಲೇ. ಪಣ ಚಿಂಚವಡಚಂ ಏಕ ದುಕಾನ ಯೇತ ನಾಹೀ." ಅಕ್ಕಾ, ಎಲ್ಲ ಅಂಗಡಿಗಳೂ ಹೊಸದಕ್ಕೆ ಬಂದಿವೆ, ಚಿಂಚವಡದ ಒಂದು ಮಾತ್ರ ಬರುತ್ತಿಲ್ಲ.

ಸುಮಂಗಲಾ ಅಂಗೈಯಿಂದ ಹಣೆ ಒತ್ತಿಕೊಂಡಳು. ಅದೊಂದು ಬರಲಿಲ್ಲ ಎಂದರೆ ಏನೋ ಕೆಟ್ಟಿದೆ ಎಂದೇ ಅರ್ಥವಂತೆ. ಇಂದು ಒಂದು, ನಾಳೆ ಹತ್ತು. ಅಂಗಡಿಗಳು ಏಳುವ ಮೊದಲು ಸರಿಯಾಗದಿದ್ದರೆ ಹಳೆಯದನ್ನು ಎಬ್ಬಿಸಲೇಬೇಕು. ಒಂದೊಂದೇ ಹುಡುಕಿದರು, ಮತ್ತೆ ಹುಡುಕಿದರು. ಗೋಡೆಯ ಗಡಿಯಾರ ಅಂದಿನಷ್ಟು ಜೋರಾಗಿ ಎಂದೂ ನಡೆದಿರಲಿಲ್ಲ. "ಹೋಗ್ಲಿ ಬಿಡ್ರಿ ಅತ್ತ್ಯಾರ. ಅವ್ವಗ ಫೋನ್ ಮಾಡಿ ಹೇಳತೇನಿ" ಎಂದಳು. "ಇನ್ನೂ ಸ್ವಲ್ಪ ನೋಡು ಮಗಾ" ಎಂದಷ್ಟೇ ನನಗೆ ಹೇಳಲು ಬಂದದ್ದು.

ಕೊನೆಗೆ ಕೇತಕಿ ಆ ಅಂಗಡಿಯವನ ಮನೆಗೇ ಫೋನು ಹಚ್ಚಿದಳು. ಅದು ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಆಮೇಲೆ ಒಂದು ಗಡಸು ಧ್ವನಿ ಕೇಳಿಸಿತು, "ದುಪಾರೀ ಝೋಪೂ ದ್ಯಾ ಕೀ!" ಮಧ್ಯಾಹ್ನ ಮಲಗಲು ಬಿಡಿ ಎಂಬ ಆ ಗುಡುಗಿಗೆ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕೇತಕಿ ನಯವಾಗಿ ಕೇಳಿದಳು. ಅವನು ಅಷ್ಟೇ ಗಡಸಾಗಿ ಹೇಳಿದ. ವಿಷಯ ಇಷ್ಟೇ. ಉಳಿದವರೆಲ್ಲ ಕಂಪ್ಯೂಟರು ಹಾಗೇ ಬಿಟ್ಟು ಮಲಗಲು ಹೋಗುತ್ತಾರೆ. ಈ ಮಹಾರಾಯ ಮಾತ್ರ ಬಿಸಿಲಿಗೆ ಅದಕ್ಕೂ ವಿಶ್ರಾಂತಿ ಬೇಕೆಂದು ಗೋಡೆಯ ಸ್ವಿಚ್ಚನ್ನೇ ಆರಿಸಿ ಬಂದಿದ್ದ. ಹೊಸ ಯಂತ್ರ ಸರಿಯಾಗಿಯೇ ಕರೆಯುತ್ತಿತ್ತು. ಆ ಕಡೆ ಓಗೊಡಲು ಯಾರೂ ಎಚ್ಚರವಿರಲಿಲ್ಲ.

ಸುಮಂಗಲಾ ಮೇಜಿಗೆ ತಲೆಯಿಟ್ಟು ನಕ್ಕಳೋ ಅತ್ತಳೋ ನನಗೆ ಕಾಣಿಸಲಿಲ್ಲ. ಬೆನ್ನು ಕುಲುಕುತ್ತಿತ್ತು. ನಾವಿಬ್ಬರೂ ಅವಲಕ್ಕಿಗೆ ಮೊಸರು ಕಲಸಿಕೊಂಡು ತಿಂದೆವು. ಆದರೂ ಅವಳಿಗೆ ಸಮಾಧಾನವಿಲ್ಲ. "ಅಂಗಡಿ ತೆಗದು ಮೊದಲನೇ ಬಿಲ್ ಬರೂತನಾ ಏನೂ ಹೇಳಾಕ ಬರೂದಿಲ್ರಿ. ಹೋಗಿ ಕಣ್ಣಾರೆ ನೋಡಿ ಬರ್ಲೇನ್ರಿ?" ಎಂದಳು. ಆದರೆ ನಮ್ಮ ಓಣಿಯ ಮೂಲೆಯ ಔಷಧಿ ಅಂಗಡಿಯವನಿಗೆ ಅವಳ ಕೆಲಸ ಗೊತ್ತು. ಅವಳು ಹೋದರೆ ಏನೋ ಆಗಿದೆ ಎಂದು ಊರಿಗೆಲ್ಲ ಹೇಳುತ್ತಾನೆ.

ಆ ಕ್ಷಣ ನನಗೆ ಏನಾಯಿತೋ, "ನಾನು ಹೋಗ್ತೇನೆ" ಎಂದುಬಿಟ್ಟೆ.

ಶಟರು ಆಗಷ್ಟೇ ಏರಿತ್ತು. ಅಂಗಡಿಯವನು ಆಕಳಿಸುತ್ತ ಊದುಬತ್ತಿ ಹಚ್ಚುತ್ತಿದ್ದ. ಗಂಟಲಿಗೆ ಚೀಪುವ ಗುಳಿಗೆ ಬೇಕು ಎಂದು ನಾನು ಕೈಸನ್ನೆಯಿಂದಲೇ ತೋರಿಸಿದೆ. ಅವನು ಪೊಟ್ಟಣದಿಂದ ನಾಲ್ಕಾರು ಎಣಿಸಿ ಕೊಟ್ಟ. ಇನ್ನು ಬಾಯಿ ಬಿಡಲೇಬೇಕು. ಎಷ್ಟೋ ವರ್ಷ ಈ ಊರಿನಲ್ಲಿದ್ದು ಅಂಗಡಿಯವರ ಎದುರು ನಾನಾಗಿ ಆಡಿದ ಮೊದಲ ಮರಾಠಿ ಮಾತು ಅದು. "ಬಿಲ್ ದ್ಯಾ" ಎಂದೆ.

"ಆಜೀ, ಏವಢ್ಯಾಶಾಲಾ ಬಿಲ್ ಕಶಾಲಾ?" ಇಷ್ಟಕ್ಕೆಲ್ಲ ಬಿಲ್ ಯಾಕಜ್ಜಿ ಎಂದು ಅವನು ನಕ್ಕ.

ಕಿವಿ ಬಿಸಿಯಾಯಿತು. ಹಿಂತಿರುಗಿ ಬರೋಣವೆನ್ನಿಸಿತು. ಆದರೆ ನಮ್ಮ ಬಾಲ್ಕನಿಯಲ್ಲಿ ಸುಮಂಗಲಾ ಕಂಬಿ ಹಿಡಿದು ನಿಂತಿದ್ದಳು. "ಪಾಹಿಜೆ" ಎಂದೆ. ಬೇಕೇ ಬೇಕು. ಅವನು ಗೊಣಗುತ್ತ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಆ ಸಣ್ಣ ಪೆಟ್ಟಿಗೆ ಕಿರ್ರ್ ಎಂದು ನಾಲಿಗೆ ಚಾಚಿದ ಹಾಗೆ ಒಂದು ಬಿಳಿಯ ಚೀಟಿ ಹೊರಹಾಕಿತು. ಅವನಿಗೆ ಏನೂ ಗೊತ್ತಾಗಲಿಲ್ಲ. ಅವನು ಮತ್ತೆ ಆಕಳಿಸಿದ. ನಾನು ಆ ಚೀಟಿಯನ್ನು ಬಾವುಟದ ಹಾಗೆ ಎತ್ತಿ ಹಿಡಿದು ರಸ್ತೆ ದಾಟಿದೆ. ಬೀದಿಯವರು ಏನೆಂದುಕೊಂಡರೋ, ಅಂದು ನನಗೆ ನಾಚಿಕೆಯೇ ಆಗಲಿಲ್ಲ.

ಸೋಮವಾರ ನಿಮ್ಮ ಅಮ್ಮ ಧಾರವಾಡಕ್ಕೆ ಹೊರಟಳು. ಮಂಗಳವಾರ ಆಪರೇಷನ್, ಮರುದಿನ ಪಟ್ಟಿ ಬಿಚ್ಚಿದರು. ಅವ್ವ ಮೊದಲು ನೋಡಿದ್ದು ಇವಳ ಮೂಗಿನ ಮೇಲಿನ ಮಚ್ಚೆಯನ್ನಂತೆ. "ಇದು ಎಂದಿಂದು? ನಾ ನೋಡೇ ಇಲ್ಲ" ಎಂದು ಬೈದಳಂತೆ. ಈ ದಿನಗಳಲ್ಲಿ ಆಫೀಸಿನಿಂದ ಒಂದು ಫೋನೂ ಬಂದಿಲ್ಲ. ಭೇಷ್ ಎನ್ನಲು ಕೂಡ ಯಾರೂ ಮಾಡಿಲ್ಲ. ಏನಾದರೂ ಕೆಟ್ಟಿದ್ದರೆ ಮಾತ್ರ ಅವಳ ಹೆಸರು ಎಲ್ಲರ ಬಾಯಲ್ಲಿ ಇರುತ್ತಿತ್ತು.

ಆ ಬಿಲ್ಲನ್ನು ನಾನು ಈ ಹಾಳೆಗೆ ಸೂಜಿದಾರದಿಂದ ಹೊಲಿದಿದ್ದೇನೆ. ಆದರೆ ಅದರ ಅಕ್ಷರಗಳು ಈಗಾಗಲೇ ಮಾಸತೊಡಗಿವೆ, ಆ ಕಾಗದದ ಗುಣವೇ ಹಾಗಂತೆ. ನೀವು ದೊಡ್ಡವರಾಗುವ ಹೊತ್ತಿಗೆ ಬರಿಯ ಬಿಳಿ ಚೀಟಿ ಉಳಿಯುತ್ತದೆ. ಅದರಲ್ಲಿ ಏನಿತ್ತೆಂದು ಹೇಳಲು ಈ ಶಾಯಿಯ ಬರಹ ಒಂದೇ ಇರುತ್ತದೆ. ಮಕ್ಕಳೇ, ನೀರು ತಾಗದ ಕಡೆ ಇಡಿ, ರದ್ದಿಯವನಿಗೆ ಕೊ‌ಡಬೇಡಿ.